ಅವ್ವನ ಸೊಟ್ಟ ಕಿರುಬೆರಳು

ಹೋದ ತಿಂಗಳು ಹರಪನಹಳ್ಳಿಯ ನಮ್ಮ ಮನೆಯ ಕಿಟಕಿಗಳಿಗೆ ಬಣ್ಣ ಹೊಡೆಸಿದೆ. ಪೇಂಟರ್ ಮೌಲಾಲಿ ಪಡಸಾಲೆಯಲ್ಲಿ ಕೂತು ಟರ್ಪಂಟೈನ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ನಾನು ಓದುತ್ತಿದ್ದ ಪೇಪರ್ ಮಡಚಿಟ್ಟು ಹಿತ್ತಲಿಗೆ ಎದ್ದುಹೋದೆ. "ವಾಸನಿಗೆ ತಲಿ ನೋಯ್ತೈತೇನ್ರಿ ಟೀಚರ್?" ಅಂದ. "ಹೂಂನಪ್ಪ, ಭಾಳ ನೋಯ್ತೈತಿ" ಅಂದೆ. ಸುಳ್ಳು ಹೇಳಬಾರದೆಂದು ಜೀವಮಾನವೆಲ್ಲ ಮಕ್ಕಳಿಗೆ ಪಾಠ ಮಾಡಿದವಳು ಎಷ್ಟು ಸಲೀಸಾಗಿ ಸುಳ್ಳು ಹೇಳಿದೆ ನೋಡಿ. ತಲೆ ಚೆನ್ನಾಗಿಯೇ ಇತ್ತು. ನನಗೆ ಬಂದದ್ದು ಸಿಟ್ಟು, ಅದೂ ನಲವತ್ತು ವರ್ಷ ಮೀರಿದ ಹಳೆಯ ಸಿಟ್ಟು. ಟರ್ಪಂಟೈನ್ ವಾಸನೆಯ ಜೊತೆಗೆ ಮಲ್ಲಿಗೆಯ ವಾಸನೆ ಸೇರಿದರೆ ಏನಾಗುತ್ತದೆ ಎಂದು ನಾನು ಹುಟ್ಟಿ ಬೆಳೆದ ಹಡಗಲಿಯಲ್ಲಿ ನನ್ನಷ್ಟು ಬಲ್ಲವರು ಇನ್ನೊಬ್ಬರಿರಲಿಕ್ಕಿಲ್ಲ.

ನಾನು ಪಿಯುಸಿ ಮುಗಿಸಿ, ಟಿಸಿಎಚ್ ಶಿಕ್ಷಕಿ ತರಬೇತಿಯ ಸೀಟಿಗೆ ಅರ್ಜಿ ಹಾಕಿ ಕಾಯುತ್ತಿದ್ದ ಬೇಸಿಗೆ ಅದು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪ ಹಡಗಲಿಯ ದೊಡ್ಡಮನೆ ಸಾವ್ಕಾರರ ಹೊಲದ ಒಂದು ಮೂಲೆಯನ್ನು ಲಾವಣಿಗೆ, ಅಂದರೆ ಗೇಣಿಗೆ ಹಿಡಿದು ಮಲ್ಲಿಗೆ ಹಚ್ಚಿದ್ದ. ಬೇಸಿಗೆ ಅಂದರೆ ನಮಗೆ ಸುಗ್ಗಿ. ಬೆಳಕು ಹರಿಯುವ ಮುಂಚೆ ಮೊಗ್ಗು ಬಿಡಿಸಬೇಕು, ಬಿಸಿಲು ಏರುವುದರೊಳಗೆ ಬುಟ್ಟಿ ಬಸ್ಸಿನ ಮೇಲೆ ಹೋಗಬೇಕು, ಊರಿನ ಗಿರಾಕಿಗಳಿಗೆ ಬಾಳೆನಾರಿನಲ್ಲಿ ಕಟ್ಟಿಕೊಡಬೇಕು. ಮನೆಯಲ್ಲಿ ಅಪ್ಪ, ಅಪ್ಪನ ಅಕ್ಕ ಗಂಗತ್ತಿ, ನಾನು, ನನ್ನ ತಂಗಿ ಕಮಲಿ. ಕಮಲಿಗೆ ಆಗ ಏಳು ವರ್ಷ. ಅವಳನ್ನು ಹಡೆದ ಎಂಟನೇ ದಿನಕ್ಕೆ ಅವ್ವ ತೀರಿಕೊಂಡಿದ್ದಳು.

ಅವ್ವನದೊಂದು ಫೋಟೋ ಇರಲಿಲ್ಲ. ಆಗ ನಮ್ಮಂಥವರ ಮನೆಯಲ್ಲಿ ಫೋಟೋ ಇರುವುದೇ ಅಪರೂಪ. ಒಮ್ಮೆ ಕೊಟ್ಟೂರಿಗೆ ಹೋದಾಗ ಸ್ಟುಡಿಯೋ ಮುಂದೆ ನಿಂತು ಅಪ್ಪ "ತೆಗಸೋಣೇನು?" ಅಂದಿದ್ದನಂತೆ. "ಈ ಹಳೇ ಸೀರ‍್ಯಾಗ ಬ್ಯಾಡ, ಮುಂದಿನ ವರ್ಷ ಬಂದಾಗ ನೋಡೋಣ" ಅಂದಳಂತೆ ಅವ್ವ. ಆ ಮುಂದಿನ ವರ್ಷ ಬರಲಿಲ್ಲ. ನಾನು ಅವ್ವನನ್ನು ಹನ್ನೆರಡು ವರ್ಷ ಕಂಡವಳು, ನನಗೆ ಕಣ್ಣು ಮುಚ್ಚಿದರೆ ಸಾಕಿತ್ತು. ಕಮಲಿಗೆ ಕಣ್ಣು ಮುಚ್ಚಿದರೆ ಬರೀ ಕತ್ತಲೆ. ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿಯನ್ನು ಕತ್ತರಿಸಿ ಪಾಟಿಚೀಲದಲ್ಲಿ ಇಟ್ಟುಕೊಂಡು, ಶಾಲೆಯಲ್ಲಿ ಎಲ್ಲರಿಗೂ "ನಮ್ಮವ್ವ" ಎಂದು ತೋರಿಸಿ ಬಂದಿದ್ದಳು. ಅವರು ಬಿಟ್ಟಾರೆಯೇ, ನಕ್ಕರು. ಅಳುತ್ತ ಬಂದು ನನ್ನನ್ನು ಕೇಳಿದಳು, "ಅಕ್ಕಾ, ಅವ್ವ ಹೆಂಗಿದ್ಲು ಹೇಳು." ನಾನು ಏನೆಂದು ಹೇಳಲಿ? ಕೆಂಪಗಿದ್ದಳು, ಎತ್ತರ ಇದ್ದಳು, ಎಡಗೈಲಿ ಹೂ ಕಟ್ಟುತ್ತಿದ್ದಳು, ಎರಡೂ ಕೈಯ ಕಿರುಬೆರಳು ಒಳಕ್ಕೆ ಸೊಟ್ಟಗಿತ್ತು. ಇಷ್ಟು ಹೇಳಿದರೆ ಒಬ್ಬ ತಾಯಿ ಕಣ್ಣಮುಂದೆ ಬರುತ್ತಾಳೆಯೇ? ಅವಳ ಕಣ್ಣೊರೆಸಿ ಆಟಕ್ಕೆ ಕಳಿಸಿದೆ.

ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಶಂಕರಪ್ಪನವರು ಬಂದದ್ದು ಇಂಥ ಹೊತ್ತಿನಲ್ಲಿ. ನನಗೆ ಮೂರು ವರ್ಷ ಪಾಠ ಮಾಡಿದವರು. ಅವರ ವಿಷಯದಲ್ಲಿ ಈಗ ಗೌರವದ ಮಾತು ಆಡಲು ಮನಸ್ಸಿಲ್ಲ, ಆದರೆ ಮೇಷ್ಟ್ರು ಎಂದ ಕೂಡಲೇ ನಾಲಿಗೆ ತಾನೇ ಬಗ್ಗುತ್ತದೆ, ಏನು ಮಾಡುವುದು. ಒಳ್ಳೆಯ ಕೈ, ಸೊಗಸಾದ ಮಾತು. ಕಟ್ಟೆಯ ಮೇಲೆ ಕೂತು, ಹೂ ಕಟ್ಟುತ್ತಿದ್ದ ನನ್ನನ್ನೇ ಸ್ವಲ್ಪ ಹೊತ್ತು ನೋಡಿ ಅಪ್ಪನಿಗೆ ಹೇಳಿದರು.

"ಮಗಳು ಥೇಟ್ ತಾಯಿ ಅಚ್ಚು ಅಂತಾರಲ್ಲೋ ಎಲ್ಲಾರೂ. ಈಕಿನ್ನ ಒಂದು ತಿಂಗಳು ನನ್ನ ಮುಂದ ಕೂಡ್ರಸು. ಈಕಿನ್ನ ನೋಡಿ ಆ ತಾಯಿನ್ನ ಬರೀತೀನಿ."

ಅಪ್ಪ ನೆಲ ನೋಡುತ್ತ ಕೂತಿದ್ದ. "ಆತ್ರಿ ಸರ, ನೀವು ಹೇಳಿದಂಗ" ಅಂದ. ಇಷ್ಟು ಬೇಗ ಒಪ್ಪುವವನಲ್ಲ ಅಪ್ಪ. ಸಿನಿಮಾಕ್ಕೆ ಹೋಗುತ್ತೇನೆಂದರೆ ಮೂರು ದಿನ ಸತಾಯಿಸುವವನು. ನಾನು ಆ ಖುಷಿಯಲ್ಲಿ ಅದನ್ನೆಲ್ಲ ಯೋಚಿಸಲಿಲ್ಲ.

ಮೇಷ್ಟ್ರು ಕಮಲಿಯ ಗಲ್ಲ ಹಿಡಿದು, "ನೋಡು ಕಮಲೀ, ಶಾಲಿ ಬಾಗಲಾ ತೆಗಿಯೋದ್ರಾಗ ನಿಮ್ಮವ್ವ ನಿಮ್ಮನಿ ಗ್ವಾಡಿ ಮ್ಯಾಲೆ ಕುಂತಿರ್ತಾಳ" ಅಂದರು. ಅವತ್ತೇ ಸಂಜೆ ಕಮಲಿ ಜಾಗ ಗುರುತು ಮಾಡಿ ಅಪ್ಪನ ಕೈಲಿ ಮೊಳೆ ಹೊಡೆಸಿದಳು. ಅಪ್ಪ ಹೊಡೆದ.

ಬೇಸಿಗೆ ರಜೆ, ಹೈಸ್ಕೂಲು ಖಾಲಿ. ಡ್ರಾಯಿಂಗ್ ಕೋಣೆಯಲ್ಲಿ ಮೇಷ್ಟ್ರು ನಿಲ್ಲುವ ಕಟ್ಟೆಯ ಮೇಲೆ ಒಂದು ಸ್ಟೂಲು, ಅದರ ಮೇಲೆ ನಾನು. ಮೂಲೆಯಲ್ಲಿ ಕಾವಲಿಗೆ ಗಂಗತ್ತಿ, ಎಲೆಅಡಿಕೆ ಚೀಲದ ಸಮೇತ. ನನ್ನ ತೊಡೆಯ ಮೇಲೆ ಅರ್ಧ ಕಟ್ಟಿದ ಮಲ್ಲಿಗೆ ದಂಡೆ, ಕೋಣೆ ತುಂಬ ಮೇಷ್ಟ್ರ ಬಣ್ಣದ ಟರ್ಪಂಟೈನ್ ವಾಸನೆ. ಬಿಸಿಲಿಗೆ ಮೊಗ್ಗು ಬೇಗ ಬಿರಿಯುತ್ತಿತ್ತು, ಆದ್ದರಿಂದ ದಿನವೂ ಹೊಸದಾಗಿ ಬಿಡಿಸಿ ಒಯ್ಯುತ್ತಿದ್ದೆ. ಮೊದಲ ದಿನವೇ ಮೇಷ್ಟ್ರು ನನ್ನ ಪಾದದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದರು. ನಾಳೆ ಬಂದು ಕೂತಾಗ ಕಾಲು ಇದೇ ಗೆರೆಯೊಳಗೆ ಇರಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಸ್ಟೂಲಿನ ನಾಲ್ಕು ಕಾಲಿಗೂ ಗೆರೆ.

"ಉಸರು ಹಿಡೀಬ್ಯಾಡ ಪಾರ್ವತಿ. ಉಸರಾಡು, ಆದ್ರ ಅಲುಗಾಡಬ್ಯಾಡ."

ಹೇಳುವುದು ಸುಲಭ. ಸುಮ್ಮನೆ ಕೂರುವುದು ಒಂದು ಕೆಲಸ ಎಂದು ನನಗೆ ಗೊತ್ತೇ ಇರಲಿಲ್ಲ. ಅರ್ಧ ತಾಸಿಗೆ ಬೆನ್ನು ಹಿಡಿಯುತ್ತಿತ್ತು, ಒಂದು ತಾಸಿಗೆ ಕಾಲು ಜೋಮು. ಮೂಗಿನ ತುದಿಯ ಮೇಲೆ ನೊಣ ಕೂತರೂ ಕೈ ಎತ್ತುವಂತಿಲ್ಲ. ಹೊಲದಲ್ಲಿ ಇಡೀ ದಿನ ಬಗ್ಗಿ ದುಡಿದವಳು ನಾನು, ಆದರೆ ಸಂಜೆ ಶಾಲೆಯಿಂದ ಬರುವಾಗ ಮುದುಕಿಯಂತೆ ನಡೆಯುತ್ತಿದ್ದೆ. ಅವ್ವ ಬರುತ್ತಾಳಲ್ಲ, ಇಷ್ಟೂ ಮಾಡದಿದ್ದರೆ ಹೇಗೆ ಎಂದುಕೊಳ್ಳುತ್ತಿದ್ದೆ.

ಉಡಲು ಒಂದು ಇಳಕಲ್ ಸೀರೆ ಕೊಟ್ಟಿದ್ದರು. ಹಸಿರು ಮೈ, ಕೆಂಪು ಸೆರಗು, ಒಳಗೆಲ್ಲ ನುಸಿಗುಳಿಗೆ ವಾಸನೆ. "ಪರಿಚಯದೋರ ಮನಿಯಿಂದ ತಂದೀನಿ, ಬಣ್ಣ ಚಲೋ ಏಳತೈತಿ" ಅಂದರು ಮೇಷ್ಟ್ರು. ಗಂಗತ್ತಿ ಎದ್ದು ಬಂದು ಸೆರಗನ್ನು ಬೆರಳಿನಲ್ಲಿ ಹಿಸುಕಿ ನೋಡಿದಳು. ಹೋಗಿ ಮೂಲೆಯಲ್ಲಿ ಕೂತಳು. ಅವತ್ತಿನಿಂದ ದಿನವೂ ಮನೆಗೆ ಬಂದ ಕೂಡಲೇ ನನಗೆ ತಲೆಯ ಮೇಲಿಂದ ನೀರು ಹಾಕಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. "ಏನತ್ತಿ ಇದು ದಿನಾ?" ಅಂದರೆ, "ಒಬ್ಬರು ನೆಟ್ಟ ಕಣ್ಣಲೆ ನೋಡಿದ್ರ ದೃಷ್ಟಿ ಆಗ್ತೈತಿ, ಸುಮ್ಕ ಕುಂದ್ರು" ಎಂದು ಗದರುತ್ತಿದ್ದಳು. ಪಾಪ, ನನ್ನ ಮೇಲೆ ಎಷ್ಟು ಜೀವ ಎಂದುಕೊಂಡೆ.

ಇನ್ನೊಂದು ದಿನ ಮೇಷ್ಟ್ರು ಗಿಲೀಟಿನ ಬೋರಮಾಳ ಸರ ತಂದು ಹಾಕಿಕೋ ಎಂದರು.

"ನಮ್ಮವ್ವಗ ಬೋರಮಾಳ ಇರಲಿಲ್ಲರಿ ಸರ. ಕರಿಮಣಿ ಅಷ್ಟ."

"ಇರಲಿ ಬಿಡವಾ. ಜೀವ ಇದ್ದಾಗಂತೂ ಹಾಕ್ಕೊಳ್ಳಲಿಲ್ಲ, ಚಿತ್ರದಾಗರ ಹಾಕ್ಕೊಳ್ಳಲಿ."

ನನಗೆ ಅಳು ಬಂತು. ಎಂಥ ದೊಡ್ಡ ಮನಸ್ಸು ಈ ಮನುಷ್ಯನದು ಎಂದು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತೆ. ಅಲುಗಾಡಬಾರದಲ್ಲ, ಕಣ್ಣೀರನ್ನೂ ಒರೆಸಿಕೊಳ್ಳಲಿಲ್ಲ. ಇದೊಂದನ್ನು ನೆನೆದಾಗ ಈಗಲೂ ನನ್ನ ಮೈಯೆಲ್ಲ ಉರಿಯುತ್ತದೆ.

ಬರೆಯುತ್ತ ಅವರು ಮಾತಾಡುತ್ತಿದ್ದರು. ಕಮಲಿ ಲಕ್ಷ್ಮಿಯ ಚಿತ್ರ ಕತ್ತರಿಸಿದ ಕತೆ ಹೇಳಿದೆ. ಜೋರಾಗಿ ನಕ್ಕು, ಆಮೇಲೆ ಕುಂಚ ಒರೆಸಿಕೊಳ್ಳುತ್ತ ಹೇಳಿದರು.

"ಆ ಲಕ್ಷ್ಮಿಗೂ ಯಾರೋ ಒಬ್ಬಾಕಿ ಹಿಂಗ ಕುಂತಿರ್ತಾಳವಾ. ಕೂಲಿ ಮಾಡಾಕಿನೋ, ಭಾಂಡೆ ತಿಕ್ಕಾಕಿನೋ. ಮನಿಮನ್ಯಾಗ ಆಕಿಗೆ ಆರತಿ ಬೆಳಗ್ತಾರ. ಆಕಿ ಹೆಸರು ಮಾತ್ರ ಯಾರಿಗೂ ಬೇಕಾಗಿಲ್ಲ. ಮೂಲಿಯೊಳಗ ಸಹಿ ಮಾಡಾಂವ ಚಿತ್ರಗಾರ, ಕುಂತಾಕಿ ಎಲ್ಲೆರ ಸಹಿ ಮಾಡ್ತಾಳೇನು?"

ಅದು ಆ ಹೆಂಗಸರ ಬಗೆಗಿನ ಕನಿಕರ ಎಂದು ತಿಳಿದೆ. ನನ್ನನ್ನೇ ಎದುರಿಗೆ ಕೂರಿಸಿಕೊಂಡು, ನನ್ನ ಬಗ್ಗೆಯೇ ಹೇಳುತ್ತಿದ್ದಾರೆ ಎಂದು ನನಗೆ ಹೊಳೆಯಲೇ ಇಲ್ಲ. ಮುಂದೆ ಶಾಲೆಯಲ್ಲಿ ಮಕ್ಕಳಿಗೆ ಸರಸ್ವತಿ ಚಿತ್ರ ಹಾಕಿ ಪೂಜೆ ಮಾಡಿಸುವಾಗಲೆಲ್ಲ ನಾನು ಆ ಮುಖ ನೋಡುವುದನ್ನು ಬಿಟ್ಟೆ. ವೀಣೆ ಹಿಡಿದ ಕೈ ನೋಡುತ್ತೇನೆ. ಎಷ್ಟು ಹೊತ್ತು ಹಿಡಿದಿದ್ದಳೋ, ರಟ್ಟೆ ಎಷ್ಟು ನೋಯುತ್ತಿತ್ತೋ, ಮನೆಗೆ ಹೋಗಿ ಯಾರಿಗೆ ಏನು ಹೇಳಿದಳೋ.

ಮೂರನೇ ವಾರದ ಹೊತ್ತಿಗೆ ಒಂದು ವಿಷಯ ಮನಸ್ಸಿಗೆ ಚುಚ್ಚತೊಡಗಿತು. ಮೇಷ್ಟ್ರು ನನ್ನ ಕೈ ನೋಡುತ್ತಿದ್ದರು, ಭುಜ ನೋಡುತ್ತಿದ್ದರು, ಸೀರೆಯ ನಿರಿಗೆಯನ್ನು ಗಂಟೆಗಟ್ಟಲೆ ನೋಡುತ್ತಿದ್ದರು. ಮುಖ ನೋಡುತ್ತಿರಲಿಲ್ಲ. ಮುಖಕ್ಕೆ ಬಂದಾಗ ಕ್ಯಾನ್ವಾಸಿನ ಪಕ್ಕ ಹಲಗೆಗೆ ಚುಚ್ಚಿದ ಏನನ್ನೋ ಬಗ್ಗಿ ನೋಡುತ್ತಿದ್ದರು. ನಾನು ಕೂತಲ್ಲಿಂದ ಅದು ಕಾಣುತ್ತಿರಲಿಲ್ಲ, ಎದ್ದು ನೋಡಲು ಬಿಡುತ್ತಿರಲಿಲ್ಲ. ಮುಗಿಯುವ ತನಕ ಚಿತ್ರ ನೋಡಬಾರದು, ನೋಡಿದರೆ ಕಳೆ ಹೋಗುತ್ತದೆ ಅಂದಿದ್ದರು.

"ಸರ, ಮುಖ ಯಾವಾಗ ಬರೀತೀರಿ?" ಎಂದು ಕೇಳಿಯೇ ಬಿಟ್ಟೆ.

"ಮುಖ ಆಗೇತಿ" ಅಂದರು. "ಬೆರಳಷ್ಟ ಉಳದಾವು. ಆ ಕಿರುಬೆರಳು ಹಂಗ ಇಡು. ಭಾಳ ಚಂದ ಐತಿ ಅದು, ಹಂಗ ಬರೀತೀನಿ."

ನನಗೆ ಬಂದ ಅವ್ವನ ಸೊಟ್ಟ ಬೆರಳನ್ನು ಚಂದ ಅಂದರಲ್ಲ ಎಂದು ಮತ್ತೆ ಕರಗಿದೆ.

ಕೊನೆಯ ದಿನ ಸೀರೆ, ಸರ ಬಿಚ್ಚಿಕೊಟ್ಟು, "ನಾಳೆ ಮುಂಜಾನಿ ತಂಗೀನ ಕರಕೊಂಡು ಬರ‍್ತೀನ್ರಿ, ಮೊದಲು ಆಕಿ ನೋಡಲಿ" ಅಂದೆ. "ಬರ್ರವಾ, ಬರ್ರಿ" ಅಂದರು. ಮರುದಿನ ಕಮಲಿಗೆ ಎಣ್ಣೆ ಹಚ್ಚಿ ಎರೆದು, ಎರಡು ಜಡೆಗೆ ರಿಬ್ಬನ್ ಕಟ್ಟಿ ಕರೆದುಕೊಂಡು ಹೋದೆ. ಅವ್ವನಿಗೆ ಕೊಡಲೆಂದು ಒಂದು ಮೊಳ ಹೂ ಹಿಡಿದಿದ್ದಳು. ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಕ್ಯಾನ್ವಾಸಿಲ್ಲ, ಹಲಗೆಯಿಲ್ಲ, ಬಣ್ಣದ ಡಬ್ಬಿಗಳಿಲ್ಲ. ಮೇಷ್ಟ್ರು ಬೆಳಗಿನ ಬಸ್ಸಿಗೆ ಊರಿಗೆ ಹೋದರೆಂದು ಜವಾನ ಹೇಳಿದ. ಚಿತ್ರ? ಅದನ್ನು ನಿನ್ನೆ ಸಂಜೆಯೇ ಚಕ್ಕಡಿಯಲ್ಲಿ ಒಯ್ದರಂತೆ. ಎಲ್ಲಿಗೆ ಎಂದು ಅವನಿಗೆ ಗೊತ್ತಿರಲಿಲ್ಲವೋ, ಹೇಳಲಿಲ್ಲವೋ.

ಕಟ್ಟೆಯ ಮೇಲೆ ನನ್ನ ಪಾದದ ಸೀಮೆಸುಣ್ಣದ ಗೆರೆ ಮಾತ್ರ ಉಳಿದಿತ್ತು. ಕಮಲಿ ಹತ್ತಿ ಆ ಗೆರೆಯೊಳಗೆ ತನ್ನ ಸಣ್ಣ ಪಾದ ಇಟ್ಟು ನಿಂತಳು. "ಅಕ್ಕಾ, ಅವ್ವ ಇಲ್ಲೇ ಕುಂತಿದ್ಲೇನು?" ಅಂದಳು. ಅವಳ ಕೈಲಿದ್ದ ಹೂ ಆಗಲೇ ಬಾಡತೊಡಗಿತ್ತು. ನಾನು ಅವಳನ್ನು ಎತ್ತಿಕೊಂಡು ಮನೆಗೆ ಬಂದೆ. ಏಳು ವರ್ಷದ ಹುಡುಗಿಯನ್ನು ಎತ್ತಿಕೊಂಡು ಬಜಾರಿನಲ್ಲಿ ಬರುವುದನ್ನು ಎಲ್ಲರೂ ನೋಡಿದರು.

ಅಪ್ಪ ಹೇಳಿದ, "ಸರ ಊರಿಂದ ಬಂದ ಮ್ಯಾಲೆ ಕೊಡ್ತಾರ ಬಿಡು." ಜೂನ್ ತಿಂಗಳಲ್ಲಿ ಶಾಲೆ ಬಾಗಿಲು ತೆಗೆಯಿತು. ಮೇಷ್ಟ್ರಿಗೆ ಬೇರೆ ಜಿಲ್ಲೆಗೆ ವರ್ಗವಾಗಿತ್ತು. ನಾನು ಬರೆದ ಎರಡು ಪತ್ರಕ್ಕೆ ಉತ್ತರ ಬರಲಿಲ್ಲ. ಗೋಡೆಯ ಮೊಳೆಗೆ ಕಮಲಿ ತಿಂಗಳುಗಟ್ಟಲೆ ಏನನ್ನೂ ತೂಗುಹಾಕಗೊಡಲಿಲ್ಲ. ಆಮೇಲೊಂದು ದಿನ ತಾನೇ ಲಾಟೀನು ತಂದು ಅದಕ್ಕೆ ಸಿಕ್ಕಿಸಿದಳು. ಅವ್ವ ಹೇಗಿದ್ದಳು ಎಂದು ಮತ್ತೆ ಕೇಳಲಿಲ್ಲ.

ಟಿಸಿಎಚ್ ಸೀಟು ಸಿಕ್ಕಿತು, ನೌಕರಿಯೂ ಸಿಕ್ಕಿತು. ಹಡಗಲಿ ಹತ್ತಿರದ ಹಳ್ಳಿಯಲ್ಲೇ ಮೊದಲ ಶಾಲೆ. ಬೆಳಿಗ್ಗೆ ಹೂ ಬಿಡಿಸಿ, ಬಸ್ಸು ಹತ್ತಿ ಹೋಗುತ್ತಿದ್ದೆ. ನಾನಿನ್ನೂ ಟಿಸಿಎಚ್ ಓದುತ್ತಿದ್ದಾಗಿನಿಂದಲೇ ದೊಡ್ಡಮನೆಯಿಂದ ವರ್ಷಕ್ಕೊಮ್ಮೆ, ತೀರಿಕೊಂಡ ಸಾವ್ಕಾರ್ತಿಯ ತಿಥಿಗೆ, ಒಂದು ದಪ್ಪ ಹಾರಕ್ಕೆ ಹೇಳಿಕಳಿಸುತ್ತಿದ್ದರು. ನನ್ನ ಕಟ್ಟು ಬಿಗಿ, ಎಡಗೈ ಗಂಟು ಬೇಗ ಸಡಿಲಾಗುವುದಿಲ್ಲ ಎಂದು ಅಪ್ಪ ಅದನ್ನು ನನ್ನಿಂದಲೇ ಕಟ್ಟಿಸುತ್ತಿದ್ದ. ಒಯ್ದು ಕೊಡುವುದು ಮಾತ್ರ ತಾನೇ. ನಾವು ಹಿತ್ತಲ ಬಾಗಿಲು ದಾಟಿ ಒಳಗೆ ಹೋಗುವಂತಿರಲಿಲ್ಲ. ಒಮ್ಮೊಮ್ಮೆ ಕಮಲಿ ಬುಟ್ಟಿ ಹಿಡಿದು ಜೊತೆಗೆ ಹೋಗುತ್ತಿದ್ದಳು, ಅವಳನ್ನು ಗೇಟಿನ ಹತ್ತಿರವೇ ನಿಲ್ಲಿಸುತ್ತಿದ್ದ.

ಹೀಗೆ ಏಳು ವರ್ಷ ನಡೆಯಿತು. ಎಂಟನೇ ವರ್ಷ ಮನೆಮನೆಗೆ ಹೋಗಿ ಮಕ್ಕಳ ಗಣತಿ ಮಾಡುವ ಕೆಲಸ ಮೇಷ್ಟ್ರುಗಳಿಗೆ ಬಂತು, ನನಗೆ ದೊಡ್ಡಮನೆಯ ಓಣಿ ಬಂತು. ಸರ್ಕಾರದ ರಿಜಿಸ್ಟರು ಹಿಡಿದು ಬಂದವಳನ್ನು ಹಿತ್ತಲಿಗೆ ಹೋಗು ಅನ್ನಲಾಗುತ್ತದೆಯೇ? ಮುಂಬಾಗಿಲಿನಿಂದಲೇ ಕರೆದು ಪಡಸಾಲೆಯಲ್ಲಿ ಕುರ್ಚಿ ಕೊಟ್ಟರು. ಆ ಮನೆಯ ಸೊಸೆ ಹರಪನಹಳ್ಳಿ ಕಡೆಯವಳು, ಒಳ್ಳೆಯ ಹೆಣ್ಣುಮಗಳು. ಚಹಾ ತರುತ್ತೇನೆಂದು ಒಳಗೆ ಹೋದಳು. ನಾನು ತಲೆ ಎತ್ತಿದೆ.

ಎದುರು ಗೋಡೆಯ ಮೇಲೆ ಹಸಿರು ಇಳಕಲ್ ಸೀರೆ ಉಟ್ಟು, ಬೋರಮಾಳ ಹಾಕಿಕೊಂಡು, ತೊಡೆಯ ಮೇಲೆ ಮಲ್ಲಿಗೆ ದಂಡೆ ಹಿಡಿದು ನಾನು ಕೂತಿದ್ದೆ. ಕತ್ತಿನ ಮೇಲೆ ಬೇರೊಬ್ಬಳ ಮುಖ. ಸಾವ್ಕಾರ್ತಿಯ ಮುಖ. ಅವಳದು ಒಂದೇ ಒಂದು ಚಿಕ್ಕ ಫೋಟೋ ಇತ್ತಂತೆ, ಮುಖ ಬಿಟ್ಟರೆ ಮೈಯೆಲ್ಲ ಮುಂದೆ ನಿಂತ ಜನರ ಮರೆಯಲ್ಲಿ; ಮೇಷ್ಟ್ರು ಹಲಗೆಗೆ ಚುಚ್ಚಿಕೊಂಡು ನೋಡುತ್ತಿದ್ದದ್ದು ಅದನ್ನೇ. ಸತ್ತವಳ ಸೀರೆ ಉಟ್ಟು, ಸತ್ತವಳಾಗಿ ಕೂಡ್ರು ಎಂದರೆ ಮದುವೆಯಾಗದ ಯಾವ ಹುಡುಗಿ ಒಪ್ಪುತ್ತಾಳೆ? ಅದಕ್ಕೇ ನಮ್ಮವ್ವನ ಹೆಸರು ಹೇಳಿದ್ದರು. ಚಿತ್ರದ ಮುಂದೆ ಊದುಬತ್ತಿ ಉರಿಯುತ್ತಿತ್ತು. ಕೊರಳಲ್ಲಿ ಮೂರು ದಿನದ ಹಿಂದೆ ನಾನೇ ಕಟ್ಟಿದ ಹಾರ, ಕಂದು ಬಣ್ಣಕ್ಕೆ ತಿರುಗಿತ್ತು. ಮೂಲೆಯಲ್ಲಿ ಮೇಷ್ಟ್ರ ಸಹಿ. ಎಂಟು ವರ್ಷ ನನ್ನ ಮೈಗೆ ನಾನೇ ತಿಥಿಯ ಹಾರ ಕಟ್ಟಿ ಕಳಿಸಿದ್ದೆ.

ಸೊಸೆ ಚಹಾ ಇಟ್ಟು, ನಾನು ನೋಡುತ್ತಿದ್ದದ್ದನ್ನು ಕಂಡು ಅಭಿಮಾನದಿಂದ ಹೇಳಿದಳು.

"ನಮ್ಮತ್ತಿಯೋರು ಕಣ್ರಿ. ನಾನು ಬರೋದ್ರೊಳಗ ತೀರಿಕೊಂಡಿದ್ರು. ಕೈ ನೋಡಿದ್ರೇನ್ರಿ? ಕಿರುಬೆರಳು ಸ್ವಲ್ಪ ಸೊಟ್ಟ. ನನ್ನ ಮಗಳು ಹುಟ್ಟಿದಾಗ ಮಾವನೋರು ಮೊದಲು ಅದನ್ನ ನೋಡಿದ್ರು, ಅಜ್ಜಿ ಬೆರಳು ಬಂದೈತೇನು ಅಂತ. ಬಂದಿಲ್ಲ ಅಂತ ಭಾಳ ಬೇಜಾರು ಮಾಡಿಕೊಂಡ್ರು."

ನಾನು ನನ್ನ ಕೈಯನ್ನು ರಿಜಿಸ್ಟರಿನ ಕೆಳಗೆ ಎಳೆದುಕೊಂಡೆ. ಯಾಕೆ ಬಚ್ಚಿಟ್ಟೆನೋ, ಕಳ್ಳಿ ನಾನಲ್ಲವಲ್ಲ. ಜೊತೆಗೆ ಬಾಳ್ವೆ ಮಾಡಿದ ಗಂಡನೇ ಹೆಂಡತಿಯ ಬೆರಳು ಮರೆತು ಗೋಡೆಯ ಮೇಲಿನದನ್ನು ನಂಬಿದ್ದ. ಇಂಥವರ ಮುಂದೆ ಇದು ನಮ್ಮವ್ವನ ಬೆರಳು ಎಂದರೆ ಯಾರು ಕೇಳುತ್ತಾರೆ? ಚಹಾ ಕುಡಿದೆ, ಮಕ್ಕಳ ಹೆಸರು ಬರೆದುಕೊಂಡೆ, ಎದ್ದುಬಂದೆ.

ಅಪ್ಪ ಕಟ್ಟೆಯ ಮೇಲೆ ಬಾಳೆನಾರು ಸೀಳುತ್ತಿದ್ದ. ಗಂಗತ್ತಿ ಬಾಗಿಲಲ್ಲಿ, ಕಮಲಿ ಒಳಗೆ ಓದುತ್ತ. ನಾನು ಚಪ್ಪಲಿ ಸಹ ಬಿಡದೆ ಕೇಳಿದೆ.

"ಅಪ್ಪಾ, ದೊಡ್ಡಮನಿ ಚಿತ್ರ ನೋಡಿ ಬಂದೆ. ನಿನಗ ಗೊತ್ತಿತ್ತೇನು?"

ನಾರು ಸೀಳುವ ಕೈ ನಿಂತಿತು. "ಗೊತ್ತಿತ್ತವ್ವ."

"ಮೊದಲಿಂದಾನೂ?"

"ಸಾವ್ಕಾರ ಹೇಳಿಕಳಿಸಿದ್ದ. ಮಗಳನ್ನ ಕೂಡ್ರಸಲಿಲ್ಲಂದ್ರ ಹೊಲ ಬಿಡಸ್ತೀನಿ ಅಂದ. ನಿಮ್ಮವ್ವನ ಚಿತ್ರಾನೂ ಬರಕೊಡ್ತೀನಿ ಅಂತ ಮೇಷ್ಟ್ರು ಆಣಿ ಮಾಡಿದ್ರು. ನಂಬಿದೆ."

"ಸೀರಿ ಆ ಸತ್ತಾಕೀದು ಅಂತ ನನಗ ಅವತ್ತ ಗುರ್ತು ಸಿಕ್ಕಿತ್ತು" ಎಂದು ಗಂಗತ್ತಿ ಬಾಯಿಗೆ ಸೆರಗು ಹಿಡಿದಳು. ಒಂದು ಕಾಲಕ್ಕೆ ಆ ಮನೆಯಲ್ಲಿ ಬೀಸುಕಲ್ಲಿಗೆ ಕೂತವಳು ಅವಳು. ದಿನವೂ ನನ್ನ ತಲೆಯ ಮೇಲೆ ಹಾಕಿದ್ದು ಯಾವ ಸೂತಕದ ನೀರು ಎಂದು ಆಗ ಗೊತ್ತಾಯಿತು.

"ಮೇಷ್ಟ್ರು ಊರು ಬಿಟ್ಟ ಮ್ಯಾಲರ ಹೇಳಬಾರದಿತ್ತೇನು? ಹಾರ ನನ್ನ ಕೈಲೆ ಕಟ್ಟಸ್ತಿದ್ದೆಲ್ಲಾ!"

ಅಪ್ಪ ಸೀಳಿದ ನಾರನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಇನ್ನೂ ತಲೆ ತಗ್ಗಿಸಿಯೇ ಹೇಳಿದ.

"ಹಿತ್ತಲ ಬಾಗಲದಾಗ ನಿಂತ್ರ ಪಡಸಾಲಿ ಗ್ವಾಡಿ ಕಾಣಸ್ತೈತಿ. ಮುಖ ಕಾಣಸಂಗಿಲ್ಲ, ತೊಲಿ ಅಡ್ಡ ಬರ್ತೈತಿ. ಕೈ ಅಷ್ಟ ಕಾಣಸ್ತೈತಿ, ಹೂ ಹಿಡದ ಕೈ. ವರ್ಷಕ್ಕೊಮ್ಮಿ ನಿಮ್ಮವ್ವನ ಕೈ ನೋಡಿ ಬರ್ತಿದ್ದೆ."

ಆ ಮಾತು ಕೇಳಿ ನನ್ನ ಸಿಟ್ಟು ಇಳಿಯಬೇಕಿತ್ತು. ಬೇರೆ ಯಾರಿಗಾದರೂ ಇಳಿಯುತ್ತಿತ್ತೇನೋ. ನನಗೆ ಏರಿತು. ಕೂತವಳು ನಾನು, ಬೆನ್ನು ನೋಯಿಸಿಕೊಂಡವಳು ನಾನು, ತಾಯಿ ಬೇಕೆಂದು ಅತ್ತವಳು ಕಮಲಿ. ನೋಡಿದವನು ಇವನೊಬ್ಬನೇ, ಅದೂ ಕದ್ದು, ಆ ಮಗುವನ್ನು ಗೇಟಿನಲ್ಲಿ ನಿಲ್ಲಿಸಿ. "ಕಮಲಿಗೆ ಯಾಕ ತೋರಸಲಿಲ್ಲ?" ಅಂದೆ. ಅಪ್ಪ ಮತ್ತೆ ನಾರು ಕೈಗೆತ್ತಿಕೊಂಡ.

ಎಲ್ಲ ಕೇಳಿಸಿಕೊಂಡು ಕಮಲಿ ಹೊರಗೆ ಬಂದಳು. ಆಗ ಅವಳಿಗೆ ಹದಿನೈದು. ನನ್ನ ಎಡಗೈ ಹಿಡಿದು ತಿರುಗಿಸಿ ಕಿರುಬೆರಳು ನೋಡಿದಳು. ಎಷ್ಟೋ ಸಾವಿರ ಸಲ ಇದೇ ಕೈ ಅವಳ ಜಡೆ ಹಾಕಿತ್ತು. "ಇದು ಅವ್ವಂದು ಅಂತ ಅಪ್ಪ ಒಂದ ಮಾತು ಹೇಳಿದ್ರ ಸಾಕಿತ್ತಲ್ಲಕ್ಕಾ" ಅಂದಳು. "ಅವ್ವನ್ನ ದಿನಾ ನೋಡತಿದ್ದೆ."

ಮುಂದಿನ ವರ್ಷದ ತಿಥಿಗೆ ದೊಡ್ಡಮನೆಯ ಹಾರವನ್ನು ನಾನು ಕಟ್ಟಲಿಲ್ಲ. ಅಪ್ಪ ತಾನೇ ಕಟ್ಟಿಕೊಂಡು ಹೋದ. ಅದರ ಮುಂದಿನ ವರ್ಷ ಹೊಲ ಬಿಟ್ಟೆವು, ನನ್ನ ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಚಿತ್ರ ಇನ್ನೂ ಆ ಗೋಡೆಯ ಮೇಲೆ ಇದೆ ಎಂದು ಕೇಳಿದ್ದೇನೆ. ಇರಲಿ. ಆ ಮನೆಯ ಮರಿಮಕ್ಕಳಿಗೂ ಸೊಟ್ಟ ಬೆರಳು ಬಂದಿಲ್ಲವಂತೆ.

ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಅವನದೊಂದು ಫೋಟೋ ಇದೆ, ನಾನೇ ತೆಗೆಸಿದ್ದು, ನನ್ನ ಪಡಸಾಲೆಯಲ್ಲೇ ಇದೆ. ಮೌಲಾಲಿ ಬಣ್ಣ ಹೊಡೆಯುವಾಗ ಅದನ್ನು ಇಳಿಸಿ, ಒರೆಸಿ, ಮತ್ತೆ ಹಾಕಿದ. "ಒಂದು ಹಾರ ಹಾಕ್ರಿ ಟೀಚರ್, ಚಂದ ಕಾಣಸ್ತೈತಿ. ಹಡಗಲಿಯೋರು, ನಿಮಗ ಹೇಳಬೇಕೇನು" ಅಂದ. ಹಾರ ಹಾಕುತ್ತೇನೆ, ಪ್ರತಿ ವರ್ಷ ಅವನ ತಿಥಿಗೆ ತಪ್ಪದೆ ಹಾಕುತ್ತೇನೆ. ಬಸ್‌ಸ್ಟ್ಯಾಂಡಿನ ಹತ್ತಿರ ಹೂವಿನ ಅಂಗಡಿಯಿದೆ, ಅಲ್ಲಿಂದ ಕಟ್ಟಿದ್ದನ್ನೇ ಕೊಂಡು ತರುತ್ತೇನೆ.